ಶುಕ್ರವಾರದ ನೀರು

ನಮ್ಮ ಮನೆಯಲ್ಲಿ ಶುಕ್ರವಾರ ನೀರು ಚೆಲ್ಲುವಂತಿರಲಿಲ್ಲ. ಅರಿಶಿನ, ಉಪ್ಪು, ಮೊಸರು ಹೊರಗೆ ಕೊಡುವಂತಿರಲಿಲ್ಲ, ಕೊಡ ಬೋರಲು ಹಾಕುವಂತಿರಲಿಲ್ಲ, ಹಂಡೆಯ ತಳ ಕಾಣುವಂತಿರಲಿಲ್ಲ. ಮದುವೆಯಾಗಿ ರಾಯದುರ್ಗಕ್ಕೆ ಬಂದ ಮೊದಲ ವಾರವೇ ಅತ್ತೆ ಇದನ್ನು ಹೇಳಿಕೊಟ್ಟರು. ಗದರಿ ಹೇಳಿದ್ದಲ್ಲ. ನಾನು ಕೊಡ ತೊಳೆದು ಕಟ್ಟೆಯ ಮೇಲೆ ಬೋರಲು ಹಾಕಿದ್ದೆ. ಅವರು ಅದನ್ನು ನೆಟ್ಟಗಿಟ್ಟು, ಒಂದು ಚೊಂಬು ನೀರು ಹಾಕಿ, ಇವತ್ತು ಶುಕ್ರವಾರ, ಇಷ್ಟಾದರೂ ಇರಲಿ ಅಂದರು. ಅಷ್ಟೇ.

ನಾನು ಮಡಕಶಿರದ ಕಡೆಯವಳು. ರತ್ನಗಿರಿ ಕೋಟೆಯ ಬೆಟ್ಟ ಕಾಣುವ ಊರು ನಮ್ಮದು. ಆಗ ಎರಡೂ ಕಡೆ ಒಂದೇ ಜಿಲ್ಲೆ, ಆದರೂ ಮಾತು ಬೇರೆ, ನೀರು ಬೇರೆ. ನಾನು 'ಐತೆ' ಅಂದರೆ ಅತ್ತೆ 'ಐತಿ' ಅನ್ನುತ್ತಿದ್ದರು. ಅಪ್ಪನ ಹೊಲದಲ್ಲಿ ಬೋರು ಇತ್ತು, ಕರೆಂಟು ಇದ್ದಾಗ ಮೋಟರು ಹಾಕಿದರೆ ಬೇಕಾದಷ್ಟು ನೀರು. ರಾಯದುರ್ಗದ ನಮ್ಮ ಬೀದಿಗೆ ನಲ್ಲಿ ನೀರು ಬರುವುದು ಐದು ದಿನಕ್ಕೋ ಎಂಟು ದಿನಕ್ಕೋ, ಅದೂ ಅದರ ಮರ್ಜಿ. ಮೊದಲ ಬೇಸಿಗೆಯಲ್ಲಿ ಇದು ನನ್ನ ತಲೆಗೆ ಹೋಗಲಿಲ್ಲ. ಒಂದು ದಿನ ಮನೆಯ ಕೌದಿಗಳನ್ನೆಲ್ಲ ಒಗೆದು ಹಾಕಿದೆ. ಅವತ್ತೇ ಬೆಳುಗುಪ್ಪದಿಂದ ನೆಂಟರು ಬಂದರು. ಅವರ ಕಾಲಿಗೆ ಕೊಡಲೂ ನೀರಿರಲಿಲ್ಲ. ಅತ್ತೆ ಎರಡು ಕೊಡ ಹಿಡಿದು ಪಕ್ಕದ ಮನೆಗೆ ಹೋದರು. ಪಕ್ಕದ ಮನೆಯಾಕೆ ನೀರಿನ ಜೊತೆ ಒಂದು ಮಾತನ್ನೂ ಕೊಟ್ಟಳು: ಬೋರಿನ ನೀರು ಕುಡಿದು ಬೆಳೆದ ಹುಡುಗಿಗೆ ನೀರಿನ ಬೆಲೆ ಎಲ್ಲಿ ಗೊತ್ತಾಗಬೇಕು ಅಂತ, ನೆಂಟರಿಗೆಲ್ಲ ಕೇಳುವ ಹಾಗೆ. ಅತ್ತೆ ನನಗೆ ಏನೂ ಅನ್ನಲಿಲ್ಲ. ಬೈದಿದ್ದರೆ ನಾನೂ ಎದುರಾಡಿ ಅಲ್ಲಿಗೇ ಮುಗಿಸುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಬಂದಷ್ಟೇ ಬೇಗ ಹೋಗುತ್ತದೆ. ಅವತ್ತಿನದು ಮಾತ್ರ ಹೋಗಲಿಲ್ಲ.

ಮುಂದಿನ ತಿಂಗಳು, ಬಟ್ಟೆಗೆ ಬಣ್ಣ ಹಾಕುವವರ ಕಡೆಯಿಂದ ಒಂದು ನೀಲಿ ಡ್ರಮ್ಮು ತರಿಸಿದೆ. ಜೀನ್ಸ್ ಹೊಲಿಗೆಯ ಚಿಂದಿ ತುಂಬಿಡಲು ಅಂತ ಮನೆಯಲ್ಲಿ ಹೇಳಿದೆ. ಹಿತ್ತಲಲ್ಲಿ ಮಾಳಿಗೆಗೆ ಹತ್ತುವ ಮೆಟ್ಟಿಲ ಕೆಳಗೆ ಅದನ್ನು ನಿಲ್ಲಿಸಿ, ನಲ್ಲಿ ಬಂದ ದಿನ ತುಂಬಿ, ಒಡಕು ಮುಚ್ಚಳ ಮುಚ್ಚಿ, ಮೇಲೆ ಚಿಂದಿಯ ಚೀಲ ಇಟ್ಟೆ. ಅದು ನನ್ನ ನೀರು. ಇನ್ನು ಯಾವ ನೆಂಟರು ಬರಲಿ, ಯಾವ ಪಕ್ಕದ ಮನೆಯಾಕೆ ಬಾಯಿ ಬಿಡಲಿ, ನಮ್ಮ ಮನೆಯಲ್ಲಿ ನೀರು ಮುಗಿಯುವುದಿಲ್ಲ. ಬೇಸಿಗೆಯಲ್ಲಿ ಒಂದೆರಡು ಸಲ ಅದರಿಂದ ತೋಡಿ, ಮತ್ತೆ ತುಂಬುತ್ತಿದ್ದೆ. ಉಳಿದ ದಿನ ಅದು ಅಲ್ಲಿ ಸುಮ್ಮನೆ ನಿಂತಿರುತ್ತಿತ್ತು. ಹೀಗೆ ಹದಿನಾಲ್ಕು ವರ್ಷ.

ನಾನು ಒಳಗೆ ಮಷೀನಿನಲ್ಲಿ ಪ್ಯಾಂಟಿನ ಸೊಂಟದ ಪಟ್ಟಿ ಕೂರಿಸುತ್ತೇನೆ. ಅತ್ತೆ ಬಾಗಿಲಲ್ಲಿ ಕೂತು, ಹೊಲಿದದ್ದರ ದಾರದ ತುದಿಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಹನ್ನೆರಡರ ಕಟ್ಟು ಕಟ್ಟುತ್ತಿದ್ದರು. ಬೀದಿಯವರ ಜೊತೆ ಮಾತಾಡುತ್ತ, ಕಣ್ಣು ಬೀದಿಯ ಮೇಲೇ ಇಟ್ಟು, ಬೆರಳಲ್ಲೇ ದಾರ ಹುಡುಕಿ ಕತ್ತರಿಸುವ ಕೈ ಅದು. ಅತ್ತೆ ಬಿಟ್ಟ ದಾರವನ್ನು ನಮಗೆ ಹೊಲಿಗೆ ಕೊಡುವ ಓನರ್ ಕೂಡ ಹುಡುಕಲಾರ ಅಂತ ನಾವು ನಗುತ್ತಿದ್ದೆವು.

ನಮ್ಮ ವಾರ್ಡಿನ ಸಚಿವಾಲಯ ಕಚೇರಿಯ ನರ್ಸಮ್ಮ ಸೊಳ್ಳೆಯ ಕೆಲಸಕ್ಕೆ ಮನೆ ಮನೆಗೆ ಬರತೊಡಗಿದಾಗ, ವಾರದಲ್ಲಿ ಏಳು ದಿನ ಇದ್ದರೂ ಸರ್ಕಾರಕ್ಕೆ ಶುಕ್ರವಾರವೇ ಬೇಕಾಯಿತು. ಶುಕ್ರವಾರ ಡ್ರೈ ಡೇ, ತುಂಬಿಟ್ಟ ನೀರನ್ನೆಲ್ಲ ಚೆಲ್ಲಿ ಪಾತ್ರೆ ಒಣಗಿಸಬೇಕು. ಮೊದಲ ಸಲ ಅತ್ತೆ ಕೈ ಮುಗಿದು ಆಗುವುದಿಲ್ಲ ಅಂದರು. ನರ್ಸಮ್ಮ ಒಳ್ಳೆಯವಳು, ಜಗಳವಾಡಲಿಲ್ಲ. ಅತ್ತೆಯನ್ನು ತೊಟ್ಟಿಯ ಹತ್ತಿರ ಕರೆದುಕೊಂಡು ಹೋಗಿ, ಟಾರ್ಚು ಬಿಟ್ಟು, ನೀರಿನಲ್ಲಿ ಕುಣಿಯುವ ಹುಳುಗಳನ್ನು ತೋರಿಸಿದಳು. ಅತ್ತೆಗೆ ಅಸಹ್ಯವಾಯಿತು. ಅಂದಿನಿಂದ ಅವರೇ ಒಂದು ದಾರಿ ಮಾಡಿಕೊಂಡರು. ಗುರುವಾರ ಸಂಜೆ ನೀರನ್ನು ಬಿಳಿ ಪಂಚೆಯಲ್ಲಿ ಸೋಸಿ ಕೊಡಗಳಿಗೆ ತುಂಬಿ, ತೊಟ್ಟಿ, ಹಂಡೆ ಎರಡನ್ನೂ ಬೂದಿ ಹಾಕಿ ತಿಕ್ಕಿ, ಮತ್ತೆ ಸುರಿದು ಮುಚ್ಚುತ್ತಿದ್ದರು. ಶುಕ್ರವಾರ ಕೊಡ ಖಾಲಿಯೂ ಅಲ್ಲ, ನೀರಲ್ಲಿ ಹುಳವೂ ಇಲ್ಲ.

ಇದನ್ನು ನಾನು ನರ್ಸಮ್ಮನಿಗೆ ಹೇಳಬೇಕಿತ್ತು. ಹೇಳಿದ್ದರೆ ಅವಳು ಒಳಗೆ ಬಂದು ನೋಡುತ್ತಿದ್ದಳು. ತೊಟ್ಟಿ ನೋಡಿದವಳು ಹಿತ್ತಲು ನೋಡುತ್ತಿದ್ದಳು, ಹಿತ್ತಲು ನೋಡಿದವಳು ಮೆಟ್ಟಿಲ ಕೆಳಗೆ ಟಾರ್ಚು ಬಿಡುತ್ತಿದ್ದಳು. ಶುಕ್ರವಾರ ಬೆಳಿಗ್ಗೆ ಅತ್ತೆ ಎಲ್ಲಮ್ಮನ ಗುಡಿಗೆ ಹೋದ ಹೊತ್ತಿಗೇ ಅವಳು ಬರುತ್ತಿದ್ದಳು. ನಾನು ಮಷೀನಿನಿಂದ ಏಳದೆ ಹೇಳುತ್ತಿದ್ದೆ, ನಮ್ಮತ್ತೆ ಒಪ್ಪಲ್ಲ ಮೇಡಂ, ಶುಕ್ರವಾರ ನೀರು ಮುಟ್ಟೋಕೆ ಬಿಡಲ್ಲ ಅಂತ. ಅವಳು ನಿಟ್ಟುಸಿರು ಬಿಟ್ಟು ಫೋನಿನಲ್ಲಿ ಏನೋ ಒತ್ತಿ ಮುಂದಿನ ಮನೆಗೆ ಹೋಗುತ್ತಿದ್ದಳು. ಎಷ್ಟು ಶುಕ್ರವಾರ ಹೀಗೆ ಹೇಳಿದೆನೋ ಲೆಕ್ಕವಿಲ್ಲ. ಒಂದು ದಿನವೂ ನಾಲಿಗೆ ತಡವರಿಸಲಿಲ್ಲ.

ಆ ವರ್ಷ ಮಳೆ ಬಂದು ಹೋದ ಮೇಲೆ ನಮ್ಮ ಬೀದಿಗೆ ಚಿಕುನ್‌ಗುನ್ಯಾ ಬಂತು. ಬೀದಿಗೆ ಬೀದಿಯೇ ಗೋಡೆ ಹಿಡಿದು ನಡೆಯಿತು. ಬೆಳಿಗ್ಗೆ ಹಾಸಿಗೆಯಿಂದ ಏಳಲು ಒಬ್ಬರಿಗೊಬ್ಬರು ಕೈ ಕೊಡಬೇಕು. ಮೂರು ದಿನ ಜ್ವರ, ಆಮೇಲೆ ತಿಂಗಳುಗಟ್ಟಲೆ ಕೀಲು ನೋವು, ಇದು ಎಲ್ಲರಿಗೂ ಬಾಯಿಪಾಠವಾಗಿತ್ತು. ನನಗೂ ಬಂತು, ಅತ್ತೆಗೂ ಬಂತು. ನಮ್ಮನೆಯವರು ಗುಮ್ಮಘಟ್ಟಕ್ಕೆ ಶೇರ್ ಆಟೋ ಓಡಿಸುತ್ತಾರೆ. ಅವರೊಬ್ಬರು ಹೇಗೋ ತಪ್ಪಿಸಿಕೊಂಡರು. ನೆಲಬೇವಿನ ಕಷಾಯ, ನುಗ್ಗೆ ಸೊಪ್ಪಿನ ಸಾರು ಕುಡಿದು ನಾವಿಬ್ಬರೂ ಎದ್ದೆವು. ಎರಡು ವಾರಕ್ಕೆ ಅತ್ತೆ ಮತ್ತೆ ಬಾಗಿಲಲ್ಲಿ ಕತ್ತರಿ ಹಿಡಿದು ಕೂತರು.

ಒಂದು ದಿನ ಅತ್ತೆ ಅಂಗಡಿಯಿಂದ ಬಂದರು. ಎಡಗಾಲಲ್ಲಿ ಚಪ್ಪಲಿ ಇರಲಿಲ್ಲ. ಕೇಳಿದರೆ ಕಾಲು ನೋಡಿಕೊಂಡು ಅವರಿಗೇ ಆಶ್ಚರ್ಯ. ಬಿಸಿಲಿಗೆ ಕಾದ ಬೀದಿಯಲ್ಲಿ ಬರಿಗಾಲಲ್ಲಿ ಬಂದದ್ದು ಅವರಿಗೆ ಗೊತ್ತೇ ಆಗಿರಲಿಲ್ಲ. ನಾನು ಹೋಗಿ ನೋಡಿದೆ, ಚಪ್ಪಲಿ ಮೂರು ಮನೆ ಆಚೆ ಬಿದ್ದಿತ್ತು. ತಂದು ಕೊಟ್ಟು, ಇನ್ನು ಮೇಲೆ ನಿಮ್ಮ ಚಪ್ಪಲಿಗೆ ಹಗ್ಗ ಕಟ್ಟಬೇಕು ಅಂತ ತಮಾಷೆ ಮಾಡಿದೆ. ಅವರೂ ನಕ್ಕರು.

ಮಾರನೇ ದಿನ ನಾನು ಹೊಲಿದ ಕಟ್ಟುಗಳು ಓನರ್ ಹತ್ತಿರದಿಂದ ವಾಪಸು ಬಂದವು. ಪ್ಯಾಂಟು ಪ್ಯಾಂಟಿನಲ್ಲೂ ದಾರ ಜೋತಾಡುತ್ತಿತ್ತು. ನನಗೂ ಬೆರಳು ಮಡಚಲಾಗದ ನೋವು, ಅದರಲ್ಲೂ ಹೊಲಿಯುತ್ತಿದ್ದೇನೆ, ಮೇಲೆ ಇದು ಬೇರೆ. ಕಟ್ಟನ್ನು ಅತ್ತೆಯ ಮುಂದೆ ಹಾಕಿದೆ.

"ಎಲ್ಲರಿಗೂ ನೋವೈತೆ ಅತ್ತೆ," ಅಂದೆ. "ನಿಮ್ಮೊಬ್ಬರಿಗೇ ಬಂದಿಲ್ಲ."

ಅವರು ಕತ್ತರಿಯನ್ನು ಎರಡೂ ಕೈಯಲ್ಲಿ ಹಿಡಿದು ಒತ್ತಲು ನೋಡುತ್ತಿದ್ದರು. ಅದು ಕೂಡಿಕೊಳ್ಳುತ್ತಿರಲಿಲ್ಲ.

"ನೋವಲ್ಲವ್ವ," ಅಂದರು. "ನೋವಿದ್ರ ಚಲೋ ಇತ್ತು. ಈ ಕೈ ನಂದಲ್ಲ ಅನ್ನಂಗ ಆಗೇತಿ."

ಇಷ್ಟು ಸ್ಪಷ್ಟವಾಗಿ ಯಾವ ರೋಗಿ ಹೇಳುತ್ತಾರೆ? ನಾನು ಕೇಳಿಸಿಕೊಂಡೆ, ಆದರೆ ತಲೆಗೆ ಹಾಕಿಕೊಳ್ಳಲಿಲ್ಲ. ಬೀದಿಯಲ್ಲಿ ಎಲ್ಲರೂ ಕುಂಟುತ್ತಿದ್ದಾಗ ಅತ್ತೆಯ ಕುಂಟು ಬೇರೆ ಅಂತ ಯಾರಿಗೂ ಹೊಳೆಯಲಿಲ್ಲ. ಒಬ್ಬರು ಎಣ್ಣೆ ಹಚ್ಚಿ ಅಂದರು, ಇನ್ನೊಬ್ಬರು ಗಾಳಿಗೆ ಬಿಡಬೇಡಿ ಅಂದರು. ಹಚ್ಚಿದೆವು, ಕಿಟಕಿ ಮುಚ್ಚಿದೆವು. ಆಮೇಲೆ ಬಚ್ಚಲಲ್ಲಿ ಕೂತವರು ಮೇಲೇಳಲಾರದೆ ನನ್ನನ್ನು ಕೂಗಿದರು. ಆರನೇ ದಿನ ಬೆಳಿಗ್ಗೆ ಚಹಾ ಕುಡಿಸಿದರೆ ಅದು ಮೂಗಿನಿಂದ ವಾಪಸು ಬಂತು. ಮಾತು ಗೊಣಗೊಣ ಆಗಿತ್ತು, ಮುಖದಲ್ಲಿ ಒಂದು ಗೆರೆಯೂ ಅಲುಗುತ್ತಿರಲಿಲ್ಲ. ಆಗ ನಾನು ನಮ್ಮನೆಯವರನ್ನು ಕೂಗಿದೆ.

ನಮ್ಮನೆಯವರು ಅದೇ ಆಟೋದಲ್ಲಿ ಬಳ್ಳಾರಿಗೆ ಹೊರಟರು. ಅತ್ತೆ ನನ್ನ ಎದೆಗೊರಗಿ, ಒಂದೊಂದು ಉಸಿರಿಗೂ ಭುಜ ಎತ್ತುತ್ತಿದ್ದರು. ಆಸ್ಪತ್ರೆಯಲ್ಲಿ ಡಾಕ್ಟರು ಸಣ್ಣ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಅಲುಗಲಿಲ್ಲ. ಇನ್ನೊಂದಕ್ಕೆ ತಟ್ಟಿದರು, ಅದೂ ಅಲುಗಲಿಲ್ಲ. ಯಾವಾಗಿನಿಂದ ಅಂತ ಕೇಳಿದರು. ನಮ್ಮನೆಯವರು ನಿನ್ನೆಯಿಂದ ಅಂದರು. ಆರು ದಿನದಿಂದ ಅಂತ ನಾನು ತಿದ್ದಿದೆ. ಡಾಕ್ಟರು ನನ್ನ ಮುಖ ನೋಡಿ ಬರೆದುಕೊಂಡರು.

ಕಾಯಿಲೆಯ ಪೂರ್ತಿ ಹೆಸರು ನನ್ನ ನಾಲಿಗೆಗೆ ಹತ್ತಲಿಲ್ಲ, ಚೀಟಿಯಲ್ಲಿ ಜಿಬಿಎಸ್ ಅಂತಿತ್ತು. ಡಾಕ್ಟರು ಬಿಡಿಸಿ ಹೇಳಿದರು. ಜ್ವರದ ವೈರಸ್ಸನ್ನು ಹೊಡೆಯಲು ಎದ್ದ ಮೈಯ ಶಕ್ತಿ, ಕೆಲವರಲ್ಲಿ ಜ್ವರ ಹೋದ ಮೇಲೂ ನಿಲ್ಲುವುದಿಲ್ಲ, ತನ್ನದೇ ನರಗಳ ಮೇಲೆ ಬೀಳುತ್ತದೆ. ಪಾದದಿಂದ ಶುರುವಾಗಿ ಮೇಲೆ ಹತ್ತುತ್ತದೆ. ನಿಮ್ಮವರಿಗೆ ಉಸಿರಿನ ತನಕ ಹತ್ತಿದೆ ಅಂದರು. ಅವತ್ತು ಮಧ್ಯಾಹ್ನವೇ ಅತ್ತೆಯ ಗಂಟಲಿಗೆ ಕೊಳವೆ ಇಳಿಸಿ ಉಸಿರಾಟದ ಮಷೀನಿಗೆ ಹಾಕಿದರು.

ಅತ್ತೆಗೆ ಎಲ್ಲ ಕೇಳಿಸುತ್ತದೆ, ಎಲ್ಲ ಗೊತ್ತಾಗುತ್ತದೆ, ಮಾತಾಡಿಸಿ ಅಂತ ಅಲ್ಲಿನ ನರ್ಸು ಹೇಳುತ್ತಿದ್ದಳು. ಅದೇ ನನಗೆ ತಡೆಯಲಾಗದ ಸಂಗತಿ. ರೆಪ್ಪೆ ಮುಚ್ಚಲೂ ಬಾರದೆ, ಕಣ್ಣಿಗೆ ಮುಲಾಮು ಹಚ್ಚಿ ಪಟ್ಟಿ ಅಂಟಿಸಿದ್ದರು. ಆ ಪಟ್ಟಿಯ ಹಿಂದೆ ಅತ್ತೆ ಎಚ್ಚರವಾಗಿದ್ದರು. ನಾನು ಬೀದಿಯ ಸುದ್ದಿಯೆಲ್ಲ ಹೇಳಿದೆ. ಯಾರ ಜ್ವರ ಹೋಯಿತು, ಯಾರ ಮಗಳಿಗೆ ಹುಡುಗ ನೋಡಿದರು, ಎಲ್ಲ. ಹೇಳಬೇಕಾದ ಒಂದನ್ನು ಮಾತ್ರ ಹೇಳಲಿಲ್ಲ.

ಬಟ್ಟೆ ತರಲು ಒಂದು ದಿನ ನಮ್ಮನೆಯವರ ಆಟೋದಲ್ಲಿ ಮನೆಗೆ ಬಂದೆ. ಬೀಗ ತೆಗೆದವಳು ಬಟ್ಟೆಯ ಕಡೆ ನೋಡದೆ ನೇರ ಹಿತ್ತಲಿಗೆ ಹೋಗಿ, ಚಿಂದಿಯ ಚೀಲ ಎಳೆದು, ಮುಚ್ಚಳ ತೆಗೆದೆ. ಒಳಗಿನಿಂದ ಸೊಳ್ಳೆಗಳು ಮುಖಕ್ಕೇ ಎದ್ದವು. ನೀರಿನ ಮೇಲೆ ಹುಳುಗಳು ಒಟ್ಟೊಟ್ಟಿಗೆ ಕುಣಿಯುತ್ತಿದ್ದವು. ಹದಿನಾಲ್ಕು ವರ್ಷ ನನ್ನ ಮಾನ ಕಾಯುತ್ತದೆ ಅಂದುಕೊಂಡ ನೀರು ಅದು. ಡ್ರಮ್ಮನ್ನು ಒದ್ದು ಉರುಳಿಸಿದೆ. ನೀರೆಲ್ಲ ಹಿತ್ತಲ ಕಲ್ಲಿನ ಮೇಲೆ ಹರಿದುಹೋದ ಮೇಲೆ ನೆನಪಾಯಿತು, ಅವತ್ತು ಶುಕ್ರವಾರ.

ಅದೇ ದಿನ ನರ್ಸಮ್ಮ ಬಾಗಿಲಿಗೆ ಬಂದಳು. ನಮ್ಮನೆಯವರು ಬ್ಯಾಗು ತುಂಬುತ್ತಿದ್ದರು. ಎಷ್ಟು ವಾರದಿಂದ ಹೇಳಿದರೂ ಅಮ್ಮ ಕೇಳಲಿಲ್ಲವಂತಲ್ಲ, ಶುಕ್ರವಾರ ಅಂತ ಹಠ ಮಾಡಿದರಂತಲ್ಲ ಅಂತ ಬೇಜಾರಿನಿಂದ ಅಂದಳು. ನಮ್ಮನೆಯವರು ಬ್ಯಾಗು ಬಿಟ್ಟು ನನ್ನ ಕಡೆ ತಿರುಗಿದರು. ಹೌದಾ ಅಂತ ಕೇಳಿದರು. ನನ್ನ ಸೀರೆಯ ಅಂಚು ಇನ್ನೂ ಒದ್ದೆಯಾಗಿತ್ತು. ನಾನು ತಲೆ ಆಡಿಸಿದೆ. ಹೌದು ಅಂತಲೋ ಅಲ್ಲ ಅಂತಲೋ ನನಗೇ ಗೊತ್ತಿಲ್ಲ, ಅವರು ಹೌದು ಅಂತ ತಿಳಿದರು. ಅಂದು ಸಂಜೆ ಆಸ್ಪತ್ರೆಯ ವರಾಂಡದಲ್ಲಿ ನೆಂಟರಿಗೆಲ್ಲ ಅವ್ವನ ಹಠದ ಕಥೆ ಗೊತ್ತಾಯಿತು. ಹಳೇ ಕಾಲದವರು, ಹೇಳಿದರೆ ಕೇಳಲ್ಲ ಅಂತ ಎಲ್ಲರೂ ತಲೆ ಆಡಿಸಿದರು. ನಾನು ಅವರಿಗೆಲ್ಲ ಚಹಾ ತಂದು ಕೊಟ್ಟೆ.

ಮಡಕಶಿರದಿಂದ ಅಮ್ಮ ನೋಡಲು ಬಂದಾಗ ಅವಳೊಬ್ಬಳಿಗೆ ಹೇಳಿದೆ.

"ಬಾಯಿ ಮುಚ್ಕೊಂಡಿರು," ಅಂದಳು. "ಈಗ ನೀನು ಹೇಳಿದ್ರೆ ನಿಮ್ಮತ್ತೆ ಕಾಲು ವಾಪಸು ಬತ್ತದಾ?"

ಆಮೇಲೆ ನಾನು ತವರಿಗೆ ಹೋಗಿ ಎರಡು ದಿನ ಇದ್ದೆ. ಅತ್ತೆಯನ್ನು ಮಷೀನಿನಿಂದ ಬಿಡಿಸಿದ್ದರು, ನಾದಿನಿ ಬಂದು ಕಾವಲಿದ್ದಳು. ಹೊಲದಲ್ಲಿ ಬೋರಿನ ನೀರು ಯಾರೂ ಕೇಳುವವರಿಲ್ಲದೆ ಕಾಲುವೆಗೆ ಬೀಳುತ್ತಿತ್ತು. ಅದನ್ನು ನೋಡುತ್ತ ನಿಂತು ನನಗೆ ಯಾರ ಮೇಲೆ ಅಂತಿಲ್ಲದೆ ಸಿಟ್ಟು ಬಂತು. ಯಾರೋ ಒಬ್ಬಳು ಅಂದ ಒಂದು ಮಾತಿಗೆ ಇಷ್ಟು ವರ್ಷ ನೀರು ಬಚ್ಚಿಟ್ಟೆನಲ್ಲ ಅಂತ ಅಳು ಬಂತು. ಡಾಕ್ಟರನ್ನು ಕೇಳಿದ್ದೆ, ಸೊಳ್ಳೆ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದಾ ಅಂತ. ಇಡೀ ಬೀದಿಗೆ ಜ್ವರ ಇದ್ದಾಗ ಯಾವ ಮನೆಯ ಸೊಳ್ಳೆ ಅಂತ ಹೇಗೆ ಹೇಳುವುದು ಅಂತ ಅವರು ನಕ್ಕಿದ್ದರು. ಆ ಮಾತನ್ನು ಹಿಡಿದುಕೊಂಡು ಸಮಾಧಾನ ಪಡಬಹುದಿತ್ತು. ಆದರೆ ಅವರು ಆ ಡ್ರಮ್ಮನ್ನು ನೋಡಿರಲಿಲ್ಲ.

ಅತ್ತೆ ಮೂರು ತಿಂಗಳಿಗೆ ಮನೆಗೆ ಬಂದರು. ಕುತ್ತಿಗೆಯಲ್ಲಿ ಕೊಳವೆ ಹಾಕಿದ ಕಡೆ ಗಾಯದ ಗುಳಿ, ದನಿ ಗೊಗ್ಗರು. ಮುಖ ಮೆಲ್ಲಗೆ ವಾಪಸು ಬಂತು, ನುಂಗುವುದು ವಾಪಸು ಬಂತು. ಕೈ ಚೊಂಬನ್ನು ಹಿಡಿಯುವಷ್ಟು ಬಂತು, ಎತ್ತುವಷ್ಟು ಬರಲಿಲ್ಲ. ಕಾಲು ಬರಲಿಲ್ಲ. ಎಲ್ಲರಿಗೂ ಇಷ್ಟು ಉಳಿಯುವುದಿಲ್ಲ, ಎಷ್ಟೋ ಜನ ಮತ್ತೆ ನಡೆಯುತ್ತಾರೆ ಅಂತ ಡಾಕ್ಟರು ಹೇಳಿದ್ದರು. ಬೇಗ ತಂದಿದ್ದರೆ ಅನ್ನುವ ಮಾತನ್ನು ಅವರು ಹೇಳಲಿಲ್ಲ. ನಾನೇ ದಿನಾ ಹೇಳಿಕೊಳ್ಳುತ್ತೇನೆ. ಬಾಗಿಲ ಹತ್ತಿರ ಮಂಚ ಹಾಕಿದೆವು, ಬೀದಿ ಕಾಣಲಿ ಅಂತ. ಕತ್ತರಿಯನ್ನು ನಾನು ಒಳಗೆ ಎತ್ತಿಟ್ಟೆ.

ನೋಡಲು ಬಂದವರೆಲ್ಲ ಸುತ್ತಿ ಬಳಸಿ ಶುಕ್ರವಾರದ ಮಾತಿಗೇ ಬರುತ್ತಿದ್ದರು. ಅತ್ತೆ ಒಂದು ದಿನವೂ ಇಲ್ಲ ಅನ್ನಲಿಲ್ಲ. ಗುರುವಾರ ತೊಟ್ಟಿ ತಿಕ್ಕುತ್ತಿದ್ದೆ ಅನ್ನಲಿಲ್ಲ. ನನ್ನ ಶುಕ್ರವಾರವೇ ನನಗೆ ಮುಳುವಾಯಿತು ಅಂತ ಅವರೇ ಮೊದಲು ಹೇಳಿಬಿಡುತ್ತಿದ್ದರು. ನಾನು ಒಳಗೆ ಮಷೀನು ಜೋರಾಗಿ ತುಳಿಯುತ್ತಿದ್ದೆ.

ಅವರು ಮನೆಗೆ ಬಂದು ಕೆಲವು ವಾರವಾದ ಮೇಲೆ ಒಂದು ಶುಕ್ರವಾರ ನರ್ಸಮ್ಮ ಬಂದಳು. ನಾನು ಏಳುವ ಮೊದಲೇ ಅತ್ತೆ ಮಂಚದಿಂದ ಅವಳನ್ನು ಕರೆದರು.

"ಒಳಗ ಬರ್ರಿ," ಅಂದರು. "ಇವತ್ತು ಎಲ್ಲಾ ನೀರು ಚೆಲ್ಲಿಸಿಬಿಡ್ರಿ."

ನರ್ಸಮ್ಮ ನನ್ನ ಮುಖ ನೋಡಿದಳು. ಬೇಡ ಅತ್ತೆ, ನಾಳೆ ಮಾಡ್ತೀನಿ ಅಂದೆ. ಅವರು ಕೇಳಲಿಲ್ಲ. ಐವತ್ತು ವರ್ಷ ಒಂದೇ ಒಂದು ಶುಕ್ರವಾರ ಖಾಲಿ ಕೊಡ ಕಾಣದ ಮನೆಯಲ್ಲಿ ನಾನು ಹಂಡೆ ಬಗ್ಗಿಸಿದೆ, ತೊಟ್ಟಿಯ ಬಿರಡೆ ಕಿತ್ತೆ, ಕೊಡಗಳನ್ನು ಒಂದೊಂದಾಗಿ ಬೋರಲು ಹಾಕಿದೆ. ಬಾಗಿಲ ಮುಂದಿನ ಚರಂಡಿಯಲ್ಲಿ ನೀರು ಹೋಗುವುದನ್ನು ಅತ್ತೆ ಮಂಚದ ಮೇಲಿಂದ ನೋಡುತ್ತಿದ್ದರು. ನರ್ಸಮ್ಮ ಅವರ ಕೈ ಒತ್ತಿ, ಬಹಳ ಒಳ್ಳೆಯದಾಯಿತಮ್ಮಾ ಅಂತ ಹೇಳಿ ಹೋದಳು.

ನನಗೆ ಇನ್ನು ಆಗಲಿಲ್ಲ. ಮಂಚದ ಪಕ್ಕ ನೆಲದ ಮೇಲೆ ಕೂತೆ. ಅತ್ತೆ, ನಿಮ್ಮ ಶುಕ್ರವಾರ ಏನೂ ಮಾಡಿಲ್ಲ, ನಾನು ಒಂದು ಮಾತು ಹೇಳಬೇಕು ಅಂತ ಶುರು ಮಾಡಿದೆ. ಅವರು ನಡುವೆಯೇ ಕೇಳಿದರು.

"ಮೆಟ್ಲ ಕೆಳಗಿನ ಡ್ರಮ್ಮು ಯಾವತ್ತು ಚೆಲ್ಲಿದಿ?"

ನೀವು ಆಸ್ಪತ್ರೆಯಲ್ಲಿದ್ದಾಗ ಅಂದೆ. ಅದು ಇದೆ ಅಂತ ಗೊತ್ತಿತ್ತಾ ಅಂತ ಕೇಳಿದೆ. ಮೊದಲಿನಿಂದಲೂ ಗೊತ್ತು ಅಂದರು. ಬೆಳುಗುಪ್ಪದ ನೆಂಟರು ಬಂದು ಹೋದ ಮೇಲೆ ತಂದದ್ದಲ್ಲವಾ ಅಂದರು. ಮತ್ತೆ ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು, ಈಗ ನಾಲ್ಕು ಮಾತಾಡಿದರೆ ಅವರಿಗೆ ಸುಸ್ತಾಗುತ್ತದೆ.

"ಜ್ವರಕ್ಕ ಮದ್ಲು ಒಂದಿನ ಮುಚ್ಚಳ ತೆಗೆದು ನೋಡಿದ್ದೆ. ಹುಳ ಇದ್ವು. ಚೆಲ್ಲಬೇಕಂತ ಮಾಡಿದ್ದೆ," ಅಂದರು. "ನಾನು ನೋಡಿದ್ದು ಗೊತ್ತಾದ್ರ ನಿನಗ ನಾಚ್ಕಿ ಆಗ್ತೈತಂತ ಮುಚ್ಚಿಟ್ಟು ಬಂದೆ."

ನಾನು ಅವರ ಪಾದ ಹಿಡಿದುಕೊಂಡೆ. ಹಿಡಿದದ್ದು ಅವರಿಗೆ ಗೊತ್ತಾಗಲಿಲ್ಲ, ಅಲ್ಲಿ ಸ್ಪರ್ಶ ಇನ್ನೂ ಬಂದಿಲ್ಲ.

ಸಂಜೆ ನಮ್ಮನೆಯವರಿಗೆ ಎಲ್ಲ ಹೇಳಿದೆ. ಅವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ನೆಂಟರಿಗೆ ಮಾತ್ರ ಹೇಳಬಾರದು ಅಂತ ಅತ್ತೆ ನನ್ನಿಂದ ಭಾಷೆ ತೆಗೆದುಕೊಂಡರು. ಈಗ ಹೆಸರಿಲ್ಲದೆ ಇಲ್ಲಿ ಬರೆಯುತ್ತಿದ್ದೇನೆ. ಅತ್ತೆಗೆ ಓದಲು ಬರುವುದಿಲ್ಲ.

ಡ್ರಮ್ಮನ್ನು ಗುಜರಿಗೆ ಹಾಕಿದೆ. ಪ್ರತಿ ಶುಕ್ರವಾರ ಈಗ ನಮ್ಮ ಮನೆಯಲ್ಲಿ ನೀರು ಚೆಲ್ಲುತ್ತೇವೆ. ಗುರುವಾರವೇ ಸೋಸಿ ತೊಳೆಯುತ್ತೇನೆ, ನಿಮ್ಮ ಹಾಗೇ ಮಾಡುತ್ತೇನೆ, ಶುಕ್ರವಾರ ನೀರು ಇರಲಿ ಅಂತ ಎಷ್ಟು ಸಲ ಕೇಳಿಕೊಂಡರೂ ಅತ್ತೆ ಒಪ್ಪುವುದಿಲ್ಲ, ಮತ್ತೆ ಯಾವ ನೀರಿನಿಂದ ಹೀಗಾಯಿತು ಅಂತ ಬೀದಿಯವರಿಗೆ ಸಂಶಯ ಬರುತ್ತದೆ ಅನ್ನುತ್ತಾರೆ. ನೀರು ಹರಿದುಹೋಗುವುದನ್ನು ಮೊದಲ ಸಲ ನೋಡಿದ್ದೇ ಸಾಕಾಯಿತೇನೋ. ನಾನು ಕೊಡ ಬೋರಲು ಹಾಕುವಾಗ ಅತ್ತೆ ಈಗ ಗೋಡೆಯ ಕಡೆ ತಿರುಗಿಕೊಳ್ಳುತ್ತಾರೆ. ಯಾರ ಸಹಾಯವೂ ಇಲ್ಲದೆ ತಿರುಗುವುದು ಅವರಿಗೆ ಕುತ್ತಿಗೆಯೊಂದೇ.